ಟಿಕೆಟ್ಟಿನ ತೆರಿಗೆ: ಸರ್ಕಾರದ್ದೆಷ್ಟು, ಕಂಪನಿಯದೆಷ್ಟು, ನಿಮಗೆ ವಾಪಸ್ ಬರಬೇಕಾದದ್ದೆಷ್ಟು?

ವಿಮಾನ ಟಿಕೆಟ್ಟಿನ ಮೇಲಿನ ತೆರಿಗೆ, ಶುಲ್ಕಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಬುಕ್ ಮಾಡುವಾಗ ಮೊದಲು ತೋರಿಸುವ ದರ ಒಂದು, ಹಣ ಕಟ್ಟುವ ಹೊತ್ತಿಗೆ ಇನ್ನೊಂದು. ‘ಟ್ಯಾಕ್ಸಸ್ ಅಂಡ್ ಫೀಸ್’ ಎಂದು ನೂರಾರು ರೂಪಾಯಿ ಸೇರಿರುತ್ತದೆ. ಇದಿಷ್ಟೂ ಸರ್ಕಾರಕ್ಕೆ ಹೋಗುತ್ತದೆಯೇ? (ಓದುಗರು, ಧಾರವಾಡ)

ಉತ್ತರ: ಇಲ್ಲ. ಆ ಒಂದು ಸಾಲಿನೊಳಗೆ ಮೂರು ಜೇಬುಗಳಿಗೆ ಸೇರುವ ಹಣ ಇರುತ್ತದೆ. ಹಣ ಕಟ್ಟುವ ಮೊದಲು ಒಟ್ಟು ಮೊತ್ತದ ಪಕ್ಕದಲ್ಲಿರುವ ಸಣ್ಣ ಬಾಣದ ಗುರುತನ್ನೋ ‘ಫೇರ್ ಬ್ರೇಕಪ್’ ಎಂಬುದನ್ನೋ ಒತ್ತಿ ನೋಡಿ, ಒಂದೊಂದೇ ಬಿಡಿಸಿಕೊಳ್ಳುತ್ತದೆ.

ಮೊದಲನೆಯದು ಸರ್ಕಾರದ್ದು. ಎಕಾನಮಿ ಟಿಕೆಟ್ಟಿಗೆ ಶೇ 5 ಜಿಎಸ್‌ಟಿ. ಇದು ಮೂಲ ದರದ ಮೇಲೆ ಮಾತ್ರವಲ್ಲ, ಕಂಪನಿ ಸೇರಿಸುವ ಇಂಧನ ಶುಲ್ಕದ ಮೇಲೂ ಬೀಳುತ್ತದೆ. ಇದರ ಜೊತೆಗೆ ವಿಮಾನಯಾನ ಭದ್ರತಾ ಶುಲ್ಕ. 2021ರ ಏಪ್ರಿಲ್‌ನಿಂದ ದೇಶದೊಳಗಿನ ಪ್ರಯಾಣಕ್ಕೆ ₹200, ವಿದೇಶಕ್ಕೆ 12 ಡಾಲರ್. ಟಿಕೆಟ್ಟಿನಲ್ಲಿ ₹236 ಎಂದು ಕಂಡರೆ ಗಾಬರಿಯಾಗಬೇಡಿ, ಅದು ₹200ಕ್ಕೆ ಶೇ 18 ಜಿಎಸ್‌ಟಿ ಸೇರಿದ ಮೊತ್ತ.

ಎರಡನೆಯದು ನಿಲ್ದಾಣದ್ದು, ಯುಡಿಎಫ್ ಎಂಬ ಬಳಕೆದಾರರ ಅಭಿವೃದ್ಧಿ ಶುಲ್ಕ. ವರ್ಷಕ್ಕೆ 35 ಲಕ್ಷಕ್ಕಿಂತ ಹೆಚ್ಚು ಪ್ರಯಾಣಿಕರಿರುವ ದೊಡ್ಡ ನಿಲ್ದಾಣಗಳಿಗೆ ಇದನ್ನು ಏರಾ ಎಂಬ ನಿಯಂತ್ರಣ ಪ್ರಾಧಿಕಾರ ಗೊತ್ತುಮಾಡುತ್ತದೆ. ಹಾಗಾಗಿ ಊರಿಂದೂರಿಗೆ ಬೇರೆ. ಕೆಲವು ನಿಲ್ದಾಣಗಳು ಹೊರಡುವವರಿಂದ ಮಾತ್ರ ಪಡೆಯುತ್ತವೆ, ಕೆಲವು ಬಂದಿಳಿಯುವವರಿಂದಲೂ ಪಡೆಯುತ್ತವೆ. ದೆಹಲಿಯಲ್ಲಿ 2025ರ ಏಪ್ರಿಲ್ 16ರಿಂದ ನಿಗದಿಯಾದ ದರ ದೇಶೀಯ ಪ್ರಯಾಣಿಕರು ಹೊರಡುವಾಗ ₹129, ಇಳಿಯುವಾಗ ₹56. ವಿದೇಶಕ್ಕೆ ಎಕಾನಮಿಯಲ್ಲಿ ಹೊರಡುವವರಿಗೆ ₹650, ಅಲ್ಲಿಂದ ಬಂದಿಳಿಯುವವರಿಗೆ ₹275. ಇದರ ಮೇಲೂ ಶೇ 18 ಜಿಎಸ್‌ಟಿ ಇದೆ.

ಮೂರನೆಯದು ಕಂಪನಿಯದೇ. ಇಂಧನ ಶುಲ್ಕ (ವಿದೇಶದ ಟಿಕೆಟ್ಟುಗಳಲ್ಲಿ ‘ವೈಕ್ಯೂ’ ಅಥವಾ ‘ವೈಆರ್’ ಎಂಬ ಸಂಕೇತ), ಕ್ಯೂಟ್ ಚಾರ್ಜ್ (ನಿಲ್ದಾಣದ ಚೆಕ್-ಇನ್ ಯಂತ್ರಗಳ ಬಳಕೆಗೆಂದು ಹಾಕುವುದು), ಕನ್ವೀನಿಯೆನ್ಸ್ ಫೀ (ಆನ್‌ಲೈನ್ ಬುಕಿಂಗ್‌ಗೆಂದು ಹಾಕುವುದು) ಯಾವುದೂ ತೆರಿಗೆಯಲ್ಲ. ತೆರಿಗೆಯ ಮಗ್ಗುಲಲ್ಲೇ ಕೂರಿಸಿರುವುದರಿಂದ ಸರ್ಕಾರದ್ದೆಂದು ಕಾಣುತ್ತದೆ, ಅಷ್ಟೆ. ವೈಕ್ಯೂ ದೊಡ್ಡ ಮೊತ್ತವಾದಾಗ ಇದು ಪ್ರಯಾಣಿಕರಿಗೆ ಮಾಡುವ ಅನ್ಯಾಯ ಎಂದೇ ನಮ್ಮ ಅಭಿಪ್ರಾಯ. ಏಕೆಂದರೆ ಟಿಕೆಟ್ ರದ್ದಾದಾಗ ತೆರಿಗೆ ವಾಪಸ್ ಬರಬೇಕು, ವೈಕ್ಯೂ ಬರಲೇಬೇಕೆಂಬ ನಿಯಮವಿಲ್ಲ.

ಟಿಕೆಟ್ಟಿನಲ್ಲಿ ಕಾಣುವ ಪ್ರಾದೇಶಿಕ ಸಂಪರ್ಕ ಶುಲ್ಕ ಇವುಗಳ ನಡುವೆ ಬರುವಂಥದ್ದು. ಸಣ್ಣ ಊರುಗಳಿಗೂ ವಿಮಾನ ಸಂಪರ್ಕ ಕೊಡುವ ಉಡಾನ್ ಯೋಜನೆಗಾಗಿ ಸರ್ಕಾರ ಒಂದೊಂದು ಹಾರಾಟಕ್ಕೆ ಇಷ್ಟೆಂದು ಕಂಪನಿಯ ಮೇಲೆ ಹಾಕುತ್ತದೆ, ಕಂಪನಿ ಅದನ್ನು ಪ್ರಯಾಣಿಕರ ತಲೆಗೆ ಹಂಚುತ್ತದೆ. ಬೀದರ್, ಕಲಬುರಗಿ, ಜಿಂದಾಲ್ ವಿದ್ಯಾನಗರಗಳಿಗೆ ವಿಮಾನ ಬಂದದ್ದು ಈ ಯೋಜನೆಯಿಂದ.

ಪ್ರಶ್ನೆ: ಅಮ್ಮನಿಗೆ ಹುಷಾರಿಲ್ಲದೆ ಕೊನೆ ಗಳಿಗೆಯಲ್ಲಿ ಪ್ರಯಾಣ ನಿಂತಿತು. ಬುಕ್ ಮಾಡಿದ ಆ್ಯಪ್‌ನಲ್ಲಿ ‘ನಾನ್ ರೀಫಂಡಬಲ್, ಮರುಪಾವತಿ ₹0’ ಎಂದು ಬಂತು. ಹಾರದೇ ಇದ್ದ ವಿಮಾನಕ್ಕೆ ತೆರಿಗೆ ಏಕೆ ಕಟ್ಟಬೇಕು? (ಓದುಗರು, ಮೈಸೂರು)

ಉತ್ತರ: ಕಟ್ಟಬೇಕಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಮರುಪಾವತಿ ನಿಯಮ ಇದನ್ನು ನೇರವಾಗಿಯೇ ಹೇಳುತ್ತದೆ. ಟಿಕೆಟ್ ರದ್ದಾದರೂ, ಬಳಸದೆ ಉಳಿದರೂ, ಪ್ರಯಾಣಿಕರು ಬಾರದೆ ‘ನೋ ಶೋ’ ಆದರೂ ಶಾಸನಬದ್ಧ ತೆರಿಗೆಗಳು ಮತ್ತು ಯುಡಿಎಫ್‌ನಂಥ ನಿಲ್ದಾಣ ಶುಲ್ಕಗಳು ವಾಪಸ್ ಆಗಬೇಕು. ಮೂಲ ದರ ಮರಳದಂಥ ರಿಯಾಯಿತಿ ಟಿಕೆಟ್ಟಿಗೂ ಇದು ಅನ್ವಯಿಸುತ್ತದೆ. ‘ನಾನ್ ರೀಫಂಡಬಲ್’ ಎಂಬ ಮಾತು ದರಕ್ಕೆ ಹೊಂದುತ್ತದೆ, ತೆರಿಗೆಗೆ ಹೊಂದುವುದಿಲ್ಲ. ರದ್ದತಿ ಶುಲ್ಕವೂ ಮೂಲ ದರ ಮತ್ತು ಇಂಧನ ಶುಲ್ಕ ಎರಡರ ಮೊತ್ತವನ್ನು ಮೀರುವಂತಿಲ್ಲ. ಮರುಪಾವತಿ ಮಾಡುವುದಕ್ಕೆಂದು ಕಂಪನಿ ಪ್ರತ್ಯೇಕ ಹಣ ಕೇಳುವಂತೆಯೂ ಇಲ್ಲ.

ಲೆಕ್ಕ ಹಾಕಿ ನೋಡೋಣ. ದೆಹಲಿಯಿಂದ ಹೊರಡುವ ಒಂದು ಟಿಕೆಟ್ಟಿನಲ್ಲಿ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ₹3,600 ಎಂದಿಟ್ಟುಕೊಳ್ಳಿ. ಜಿಎಸ್‌ಟಿ ₹180, ಭದ್ರತಾ ಶುಲ್ಕ ₹236, ದೆಹಲಿಯ ಯುಡಿಎಫ್ ಜಿಎಸ್‌ಟಿ ಸೇರಿ ₹152. ನೀವು ಹೋಗಲಿಲ್ಲ, ಕಂಪನಿ ₹3,600ನ್ನೂ ರದ್ದತಿ ಶುಲ್ಕವೆಂದು ಹಿಡಿದುಕೊಂಡಿತು. ಆಗಲೂ ₹236 ಮತ್ತು ₹152 ಸೇರಿ ₹388 ನಿಮ್ಮದು. ಜಿಎಸ್‌ಟಿಯ ₹180ರಲ್ಲಿ ಒಂದು ತೊಡಕಿದೆ. 2022ರ ಆಗಸ್ಟ್ 3ರ ಜಿಎಸ್‌ಟಿ ಸುತ್ತೋಲೆಯ ಪ್ರಕಾರ ರದ್ದತಿ ಶುಲ್ಕಕ್ಕೂ ಮೂಲ ಸೇವೆಯಷ್ಟೇ ತೆರಿಗೆ. ಹಾಗಾಗಿ ಟಿಕೆಟ್ಟಿನ ₹180 ಮರಳಿದರೂ ರದ್ದತಿ ಶುಲ್ಕದ ಮೇಲೆ ಮತ್ತೆ ₹180 ಬಿದ್ದು ಅಲ್ಲಿಗಲ್ಲಿಗೆ ಸರಿಹೋಗುತ್ತದೆ. ಕನ್ವೀನಿಯೆನ್ಸ್ ಫೀ ಸಾಮಾನ್ಯವಾಗಿ ಬರುವುದಿಲ್ಲ.

ಹಣ ತಪ್ಪಿಹೋಗುವುದು ಹೆಚ್ಚಾಗಿ ಎರಡು ಕಡೆ. ಒಂದು, ‘ಹೇಗೂ ಏನೂ ಬರುವುದಿಲ್ಲವಲ್ಲ’ ಎಂದು ಟಿಕೆಟ್ ರದ್ದು ಮಾಡದೆ ಸುಮ್ಮನಾಗುವುದು. ನೋ ಶೋ ಆದ ಟಿಕೆಟ್ಟಿನ ತೆರಿಗೆಯನ್ನು ಅನೇಕ ಕಂಪನಿಗಳು ತಾವಾಗಿ ಕಳಿಸುವುದಿಲ್ಲ, ಪಿಎನ್‌ಆರ್ ಹಾಕಿ ನಾವೇ ಕೇಳಬೇಕು. ಹೋಗುವುದಿಲ್ಲವೆಂದು ಖಚಿತವಾದ ಕೂಡಲೇ, ವಿಮಾನ ಹೊರಡುವ ಮುಂಚೆಯೇ, ರದ್ದು ಮಾಡಿಬಿಡಿ. ಇನ್ನೊಂದು, ನಡುವೆ ಇರುವ ಏಜೆಂಟ್ ಅಥವಾ ಆ್ಯಪ್. ಕಂಪನಿಯಿಂದ ಬಂದ ತೆರಿಗೆ ಹಣದಿಂದ ಅವರು ತಮ್ಮ ‘ಸರ್ವಿಸ್ ಚಾರ್ಜ್’ ಕಳೆದರೆ ನಿಮ್ಮ ತೆರೆಯ ಮೇಲೆ ₹0 ಎಂದೇ ಕಾಣುತ್ತದೆ. ನೀವು ಹೀಗೆ ಮಾಡಿ: ವಿಮಾನ ಕಂಪನಿಯ ಜಾಲತಾಣದಲ್ಲೇ ಪಿಎನ್‌ಆರ್ ಹಾಕಿ ಎಷ್ಟು ಮರುಪಾವತಿಯಾಗಿದೆ ಎಂದು ನೋಡಿ, ಅದನ್ನೂ ಏಜೆಂಟ್ ಕೊಟ್ಟ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಕೇಳಿ. ಏಜೆಂಟ್ ಮೂಲಕ ಕೊಂಡ ಟಿಕೆಟ್ಟಿನ ಮರುಪಾವತಿಯ ಹೊಣೆಯೂ ಡಿಜಿಸಿಎ ನಿಯಮದಲ್ಲಿ ಕಂಪನಿಯ ಮೇಲೇ ಇದೆ, ಏಕೆಂದರೆ ಏಜೆಂಟ್ ಕಂಪನಿ ನೇಮಿಸಿದ ಪ್ರತಿನಿಧಿ. ಹಣದ ಬದಲು ‘ಕ್ರೆಡಿಟ್ ಶೆಲ್’ (ಮುಂದಿನ ಟಿಕೆಟ್ಟಿಗೆ ಬಳಸಲು ಕಂಪನಿಯಲ್ಲೇ ಉಳಿಸುವ ಜಮೆ) ಕೊಡುತ್ತೇವೆ ಎಂದರೆ ಬೇಡವೆನ್ನುವ ಹಕ್ಕು ನಿಮಗಿದೆ.

ಆಗಲೂ ಬಾರದಿದ್ದರೆ ಕಂಪನಿಯ ನೋಡಲ್ ಅಧಿಕಾರಿಗೆ ಬರೆಯಿರಿ. ಬಳಿಕ ನಾಗರಿಕ ವಿಮಾನಯಾನ ಸಚಿವಾಲಯದ ‘ಏರ್‌ಸೇವಾ’ ಜಾಲತಾಣದಲ್ಲಿ ದೂರು ಕೊಡಿ ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಗ್ರಾಹಕರ ಆಯೋಗಕ್ಕೆ ಹೋಗಬೇಕಾದರೂ ಮೈಸೂರಿನಲ್ಲೇ ದೂರು ಹಾಕಬಹುದು, ಕಂಪನಿಯ ಕಚೇರಿ ಇರುವ ಊರಿಗೆ ಅಲೆಯಬೇಕಿಲ್ಲ. ₹5 ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು.

ಪ್ರಶ್ನೆ: ಮಂಗಳೂರಿನಿಂದ ಬೆಂಗಳೂರಿಗೆ ಒಂದು, ಅಲ್ಲಿಂದ ವಿದೇಶಕ್ಕೆ ಇನ್ನೊಂದು, ಹೀಗೆ ಎರಡು ಟಿಕೆಟ್ ತೆಗೆದರೆ ಅಗ್ಗ ಅನ್ನಿಸುತ್ತದೆ. ತೆರಿಗೆಯಲ್ಲಿ ಏನಾದರೂ ವ್ಯತ್ಯಾಸ ಆಗುತ್ತದೆಯೇ? (ಓದುಗರು, ಮಂಗಳೂರು)

ಉತ್ತರ: ಆಗುತ್ತದೆ. ಒಂದೇ ಟಿಕೆಟ್ಟಿನಲ್ಲಿ ಪ್ರಯಾಣವಿದ್ದು, ಬೆಂಗಳೂರಿಗೆ ಬಂದ 24 ಗಂಟೆಯೊಳಗೆ ಮುಂದಿನ ವಿಮಾನ ಹಿಡಿದರೆ ನೀವು ‘ಟ್ರಾನ್ಸಿಟ್’ ಪ್ರಯಾಣಿಕರು. ಬೆಂಗಳೂರಿನ ಯುಡಿಎಫ್ ಮತ್ತು ಎರಡನೇ ಭದ್ರತಾ ಶುಲ್ಕ ನಿಮಗಿಲ್ಲ. ಎರಡು ಬೇರೆ ಟಿಕೆಟ್ಟಾದರೆ, ನಡುವೆ ಮೂರೇ ಗಂಟೆಯಿದ್ದರೂ ಬೆಂಗಳೂರಿನಿಂದ ಹೊಸದಾಗಿ ಹೊರಟವರ ಲೆಕ್ಕ. ವಿದೇಶ ಪ್ರಯಾಣದ ಯುಡಿಎಫ್ ದೇಶೀಯದಕ್ಕಿಂತ ಹೆಚ್ಚು, ಮೇಲೆ 12 ಡಾಲರ್ ಭದ್ರತಾ ಶುಲ್ಕ. ಇಬ್ಬರು ಮಕ್ಕಳಿರುವ ಕುಟುಂಬಕ್ಕೆ ಇದನ್ನು ನಾಲ್ಕರಿಂದ ಗುಣಿಸಿ ಹೋಲಿಸಿ. ಎರಡು ವರ್ಷದೊಳಗಿನ ಕೂಸಿಗೆ ಮಾತ್ರ ಈ ಎರಡೂ ಇಲ್ಲ.

ತೆರಿಗೆಗಿಂತ ದೊಡ್ಡ ಅಪಾಯ ಇನ್ನೊಂದಿದೆ. ಮಳೆಗಾಲದಲ್ಲಿ ಮಂಗಳೂರಿನ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಬೇರೆ ಟಿಕೆಟ್ಟಿನವರನ್ನು ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಯಾವ ಕಂಪನಿಗೂ ಇರುವುದಿಲ್ಲ.

ಪ್ರಶ್ನೆ: ನಮ್ಮದು ಸಣ್ಣ ಕೈಗಾರಿಕೆ. ವ್ಯವಹಾರದ ಪ್ರಯಾಣದ ಟಿಕೆಟ್ಟಿಗೆ ಜಿಎಸ್‌ಟಿ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಪಡೆಯಲು ಹೋದರೆ ಲೆಕ್ಕಪರಿಶೋಧಕರು ‘ಇನ್ವಾಯ್ಸ್ ಇಲ್ಲ’ ಎನ್ನುತ್ತಾರೆ. ಟಿಕೆಟ್ ಸಾಲದೇ? (ಓದುಗರು, ಪೀಣ್ಯ)

ಉತ್ತರ: ಸಾಲದು. ಇ-ಟಿಕೆಟ್ ತೆರಿಗೆ ಇನ್ವಾಯ್ಸ್ ಅಲ್ಲ. ಬುಕ್ ಮಾಡುವಾಗಲೇ ‘ಜಿಎಸ್‌ಟಿ ವಿವರ’ ಎಂಬ ಖಾನೆಯಲ್ಲಿ ಸಂಸ್ಥೆಯ ಹೆಸರು, ಜಿಎಸ್‌ಟಿ ಸಂಖ್ಯೆ, ಇಮೇಲ್ ತುಂಬಬೇಕು. ಹೆಚ್ಚಿನ ಕಂಪನಿಗಳು ಆಮೇಲೆ ಸೇರಿಸಲು ಬಿಡುವುದಿಲ್ಲ. ಸಂಖ್ಯೆಯ ಒಂದು ಅಕ್ಷರ ತಪ್ಪಿದರೂ ನಿಮಗೆ ಸಿಗುವ ಕ್ರೆಡಿಟ್ಟಿನ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಅದು ಕಾಣುವುದಿಲ್ಲ, ಕ್ರೆಡಿಟ್ ಅಲ್ಲಿಗೇ ನಿಂತಿತು. ಇನ್ವಾಯ್ಸನ್ನು ಕಂಪನಿಯ ಜಾಲತಾಣದಿಂದ ಪಿಎನ್‌ಆರ್ ಹಾಕಿ ಇಳಿಸಿಕೊಳ್ಳಿ. ಆ್ಯಪ್ ಕೊಡುವ ಬಿಲ್ ಅವರ ಸೇವಾ ಶುಲ್ಕದ್ದು, ವಿಮಾನದ್ದಲ್ಲ.

ಬಹುಪಾಲು ಜನ ಬಿಟ್ಟುಬಿಡುವ ಇನ್ನೊಂದು ಅಂಶವಿದೆ. ಯುಡಿಎಫ್ ಮೇಲಿನ ಶೇ 18 ಜಿಎಸ್‌ಟಿಗೂ ಕ್ರೆಡಿಟ್ ಸಿಗುತ್ತದೆ. 2019ರ ಅಕ್ಟೋಬರ್ 11ರ ಸುತ್ತೋಲೆ 115ರಲ್ಲಿ ಇದು ಸ್ಪಷ್ಟವಿದೆ: ಕಂಪನಿ ನಿಲ್ದಾಣದ ಪರವಾಗಿ ಹಣ ಕೂಡಿಸುವ ಬರೀ ಮಧ್ಯವರ್ತಿ, ಇನ್ವಾಯ್ಸಿನಲ್ಲಿ ಯುಡಿಎಫ್ ಮತ್ತು ಅದರ ತೆರಿಗೆಯನ್ನು ಬೇರೆಯಾಗಿ ತೋರಿಸಬೇಕು, ಅದರ ಆಧಾರದ ಮೇಲೆ ನೋಂದಾಯಿತ ಪ್ರಯಾಣಿಕರು ಕ್ರೆಡಿಟ್ ಪಡೆಯಬಹುದು. ದೆಹಲಿಯ ₹129ರ ಮೇಲೆ ಇದು ₹23 ಚಿಲ್ಲರೆ. ಒಂದು ಟಿಕೆಟ್ಟಿಗೆ ಕಡಿಮೆ ಎನಿಸಿದರೂ ವರ್ಷಕ್ಕೆ ನೂರು ಪ್ರಯಾಣ ಮಾಡುವ ಸಂಸ್ಥೆಗೆ ಲೆಕ್ಕಕ್ಕೆ ಬರುವ ಮೊತ್ತ. ನೌಕರರ ರಜೆ ಪ್ರವಾಸದ ಟಿಕೆಟ್ಟಿಗೆ ಮಾತ್ರ ಕ್ರೆಡಿಟ್ ಇಲ್ಲ, ವಹಿವಾಟಿನ ಮೇಲೆ ನಿಗದಿತ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿ ಇರುವವರಿಗೂ ಇಲ್ಲ.

ಪ್ರಶ್ನೆ: ಪ್ರೀಮಿಯಂ ಎಕಾನಮಿಗೂ ಶೇ 5 ತಾನೇ? (ಓದುಗರು, ದಾವಣಗೆರೆ)

ಉತ್ತರ: ಅಲ್ಲ. ಶೇ 5 ಸಾದಾ ಎಕಾನಮಿಗೆ ಮಾತ್ರ. ಪ್ರೀಮಿಯಂ ಎಕಾನಮಿ, ಬಿಸಿನೆಸ್, ಫಸ್ಟ್ ಕ್ಲಾಸಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 12 ಇದ್ದದ್ದು ಶೇ 18 ಆಗಿದೆ. ಮೂಲ ದರದಲ್ಲಿ ₹1,500 ಮಾತ್ರ ಹೆಚ್ಚು ಎಂದು ಮೇಲ್ದರ್ಜೆ ಆರಿಸುವ ಮುನ್ನ, ಇಡೀ ದರದ ಮೇಲೆ ಶೇ 18 ಹಾಕಿ ನೋಡಿ.

ಪ್ರಶ್ನೆ: ಹಿಂದೆ ವಿದೇಶಕ್ಕೆ ಹೊರಟಾಗ ₹500 ‘ಫಾರಿನ್ ಟ್ರಾವೆಲ್ ಟ್ಯಾಕ್ಸ್’ ಕಟ್ಟಿದ ನೆನಪು. ಅದು ಈಗಲೂ ಇದೆಯೇ? (ಓದುಗರು, ಶಿವಮೊಗ್ಗ)

ಉತ್ತರ: ಇಲ್ಲ. ಅದನ್ನೂ ದೇಶದೊಳಗಿನ ಟಿಕೆಟ್ಟಿಗಿದ್ದ ಶೇ 15ರ ತೆರಿಗೆಯನ್ನೂ 2004ರ ಜನವರಿಯಲ್ಲಿ ತೆಗೆದುಹಾಕಲಾಯಿತು. ಎಕಾನಮಿ ಪ್ರಯಾಣಿಕರ ಮೇಲೆ ಮತ್ತೆ ತೆರಿಗೆ ಬಂದದ್ದು 2010ರ ಜುಲೈ 1ರಂದು, ಸೇವಾ ತೆರಿಗೆಯ ರೂಪದಲ್ಲಿ: ದೇಶೀಯಕ್ಕೆ ಹೆಚ್ಚೆಂದರೆ ₹100, ವಿದೇಶಕ್ಕೆ ಹೆಚ್ಚೆಂದರೆ ₹500. 2017ರ ಜುಲೈನಿಂದ ಜಿಎಸ್‌ಟಿ.

ಪ್ರಶ್ನೆ: ಶೇ 5 ಮಾತ್ರ ತೆರಿಗೆ ಎಂದಾದರೆ ದರ ಇಷ್ಟೇಕೆ? (ಓದುಗರು, ಹಾಸನ)

ಉತ್ತರ: ಟಿಕೆಟ್ಟಿನಲ್ಲಿ ಕಾಣದ ತೆರಿಗೆ ಇಂಧನದೊಳಗಿದೆ. ಕಚ್ಚಾ ತೈಲ, ಪೆಟ್ರೋಲ್, ಡೀಸೆಲ್, ನೈಸರ್ಗಿಕ ಅನಿಲದ ಜೊತೆಗೆ ವಿಮಾನ ಇಂಧನವನ್ನೂ ಜಿಎಸ್‌ಟಿಯ ಹೊರಗೆ ಇಟ್ಟಿದ್ದಾರೆ. ಅದಕ್ಕೆ ಕೇಂದ್ರದ ಶೇ 11 ಅಬಕಾರಿ ಸುಂಕ, ಅದರ ಮೇಲೆ ರಾಜ್ಯಗಳ ವ್ಯಾಟ್. ಈ ವ್ಯಾಟ್ ಕೆಲವು ರಾಜ್ಯಗಳಲ್ಲಿ ಶೇ 1ರಷ್ಟು ಕಡಿಮೆ, ಕೆಲವೆಡೆ ಶೇ 30ರ ಹತ್ತಿರ. ಇಲ್ಲಿನ ಕಂಪನಿಗಳ ಖರ್ಚಿನಲ್ಲಿ ಇಂಧನದ ಪಾಲೇ ಸುಮಾರು ಶೇ 30ರಿಂದ 40. ವ್ಯಾಟ್‌ಗೆ ಜಿಎಸ್‌ಟಿಯಲ್ಲಿ ಕ್ರೆಡಿಟ್ ಸಿಗದ ಕಾರಣ ಅದು ಖರ್ಚಾಗಿ ದರದೊಳಗೆ ಸೇರುತ್ತದೆ, ಆ ದರದ ಮೇಲೆ ಶೇ 5 ಜಿಎಸ್‌ಟಿ. ತೆರಿಗೆಯ ಮೇಲೆ ತೆರಿಗೆ ಎಂದರೆ ಇದೇ. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿಯ ಮುಂದೆ ಈ ಇಂಧನವನ್ನು ಒಳತರುವ ವಿಷಯ ಬಂದಿತ್ತು. ರಾಜ್ಯಗಳು ಒಪ್ಪಲಿಲ್ಲ. ಆದಾಯ ಕೈಬಿಡಲು ರಾಜ್ಯಗಳು ಹಿಂಜರಿಯುವುದು ಅರ್ಥವಾಗುತ್ತದೆ. ಆದರೆ ಆ ಭಾರ ರಸೀದಿಯಲ್ಲಿ ಒಂದು ಸಾಲಾಗಿಯೂ ಕಾಣದೆ ಪ್ರಯಾಣಿಕರ ಮೇಲೆ ಕೂರುವುದು ಸರಿಯಲ್ಲ.

ಪ್ರಶ್ನೆ: ಲಂಡನ್‌ನಿಂದ ಬೆಂಗಳೂರಿಗೆ ಬರುವ ಟಿಕೆಟ್ಟಿನಲ್ಲಿ ನೂರು ಪೌಂಡಿನಷ್ಟು ‘ಏರ್ ಪ್ಯಾಸೆಂಜರ್ ಡ್ಯೂಟಿ’ ಇದೆ. ಮಕ್ಕಳಿಗೆ 9 ಮತ್ತು 13 ವರ್ಷ. ಕಡಿಮೆ ಮಾಡಲು ದಾರಿಯುಂಟೇ? (ಓದುಗರು, ಬ್ರಿಟನ್‌ನ ಸ್ಲೌ)

ಉತ್ತರ: ಇದು ಬ್ರಿಟನ್ನಿನಿಂದ ಹೊರಡುವುದಕ್ಕೆ ಮಾತ್ರ ಇರುವ ತೆರಿಗೆ, ಬೆಂಗಳೂರಿನಿಂದ ಅಲ್ಲಿಗೆ ಹೋಗುವಾಗ ಇಲ್ಲ. ಭಾರತ 2,001ರಿಂದ 5,500 ಮೈಲಿಯ ವರ್ಗದಲ್ಲಿದೆ. 2026ರ ಏಪ್ರಿಲ್‌ನಿಂದ ಎಕಾನಮಿಗೆ 102 ಪೌಂಡ್, ಅದಕ್ಕೆ ಮೇಲಿನ ದರ್ಜೆಗೆ 244. ಅದಕ್ಕೂ ಹಿಂದಿನ ವರ್ಷ 90 ಮತ್ತು 216 ಇತ್ತು. ಪ್ರೀಮಿಯಂ ಎಕಾನಮಿ ತೆಗೆದರೂ ಮೇಲಿನ ದರವೇ ಬೀಳುತ್ತದೆ.

ನಿಮ್ಮ ಇಬ್ಬರು ಮಕ್ಕಳೂ ಎಕಾನಮಿಯಲ್ಲಿ ಬಂದರೆ ಅವರಿಗೆ ಈ ತೆರಿಗೆ ಇಲ್ಲವೇ ಇಲ್ಲ. ಪ್ರಯಾಣದ ದಿನ 16 ತುಂಬಿರದಿದ್ದರೆ ಸಾಕು. ತೊಂದರೆಯಾಗುವುದು 13ರ ಮಗುವಿನ ಟಿಕೆಟ್ಟಿನಲ್ಲಿ: ವಿಮಾನ ಕಂಪನಿಗಳ ಲೆಕ್ಕದಲ್ಲಿ 12 ದಾಟಿದವರು ವಯಸ್ಕರು, ಬುಕ್ ಮಾಡುವಾಗ ‘ಅಡಲ್ಟ್’ ಎಂದು ಹಾಕಿದರೆ ತೆರಿಗೆಯೂ ಸೇರಿಬಿಡಬಹುದು. ‘ಯಂಗ್ ಅಡಲ್ಟ್’ ಅಥವಾ ‘ಟೀನ್’ ಎಂಬ ಆಯ್ಕೆಯಿದ್ದರೆ ಅದನ್ನೇ ಒತ್ತಿ, ಹುಟ್ಟಿದ ದಿನಾಂಕ ತುಂಬಿ. ಈಗಾಗಲೇ ಕಟ್ಟಿದ್ದರೆ ಕಂಪನಿಯನ್ನೇ ಕೇಳಿ. ಬ್ರಿಟನ್ನಿನ ತೆರಿಗೆ ಇಲಾಖೆ ಪ್ರಯಾಣಿಕರಿಗೆ ನೇರವಾಗಿ ಮರಳಿಸುವುದಿಲ್ಲ.

ಪ್ರಶ್ನೆ: ವಿದೇಶದ ಟಿಕೆಟ್ ಕೊಂಡರೆ ಟಿಸಿಎಸ್ (ಮಾರುವವರು ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಕಡಿತವಾಗುತ್ತದೆಯೇ? (ಓದುಗರು, ತುಮಕೂರು)

ಉತ್ತರ: ಬರೀ ಟಿಕೆಟ್ಟಿಗೆ ಇಲ್ಲ. ಟಿಕೆಟ್ಟಿನ ಜೊತೆ ಹೋಟೆಲ್ಲನ್ನೂ ಒಬ್ಬರೇ ಕಟ್ಟಿಕೊಟ್ಟರೆ ಅದು ಪ್ರವಾಸ ಪ್ಯಾಕೇಜ್, ಆಗ ಟಿಸಿಎಸ್ ಇದೆ. ಅದು ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗುವ ಮುಂಗಡ ಆದಾಯ ತೆರಿಗೆ. ಪ್ಯಾಕೇಜ್ ಕೊಂಡ ಮೇಲೆ ಆದಾಯ ತೆರಿಗೆ ಜಾಲತಾಣದಲ್ಲಿ ನಿಮ್ಮ ತೆರಿಗೆ ಜಮೆಯ ವಿವರದಲ್ಲಿ ಆ ಮೊತ್ತ ಬಂದಿದೆಯೇ ನೋಡಿ, ಬಾರದಿದ್ದರೆ ಪ್ಯಾಕೇಜ್ ಮಾರಿದವರಿಂದ ಟಿಸಿಎಸ್ ಪ್ರಮಾಣಪತ್ರ ಕೇಳಿ ಪಡೆಯಿರಿ. ರಿಟರ್ನ್ ಸಲ್ಲಿಸುವಾಗ ಅದನ್ನು ಕಟ್ಟಬೇಕಾದ ತೆರಿಗೆಗೆ ಹೊಂದಿಸಿಕೊಳ್ಳಬಹುದು, ತೆರಿಗೆಯೇ ಬರದಿದ್ದರೆ ರೀಫಂಡ್ ಪಡೆಯಬಹುದು.