ಬಿ.ಪಿ. ಇಲ್ಲದ ಬಸುರಿಗೆ ಬಿ.ಪಿ. ಗುಳಿಗೆ ಯಾಕೆ?

ಪ್ರಶ್ನೆ: ಸೊಸೆಗೆ 31ನೇ ವಾರ. ಹೊಟ್ಟೆ ಬಿಗಿದು ನೋವು ಬಂತೆಂದು ಚಳ್ಳಕೆರೆಯಲ್ಲಿ ನಿಫೆಡಿಪಿನ್ ಗುಳಿಗೆ ಕೊಟ್ಟು ದಾವಣಗೆರೆಗೆ ಕಳಿಸಿದರು. ಅದು ಬಿ.ಪಿ. ಗುಳಿಗೆಯಂತೆ, ಅವಳಿಗೆ ಬಿ.ಪಿ. ಇಲ್ಲ. ಎರಡೇ ದಿನಕ್ಕೆ ನಿಲ್ಲಿಸಿಬಿಟ್ಟರು. ಈಗ ನೋವಿಲ್ಲ, ಮನೆಗೆ ಬಂದಿದ್ದಾಳೆ. ಗುಳಿಗೆ ಮುಂದುವರಿಸಬೇಕಿತ್ತಲ್ಲವೇ?
– ಓದುಗರು, ಚಳ್ಳಕೆರೆ ತಾಲ್ಲೂಕು

ಉತ್ತರ: ಕೊಟ್ಟಿದ್ದೂ ಸರಿ, ನಿಲ್ಲಿಸಿದ್ದೂ ಸರಿ.

ರಕ್ತನಾಳದ ಗೋಡೆಯಲ್ಲಿರುವಂಥ ನಯಸ್ನಾಯುವೇ (ನಮ್ಮ ಇಚ್ಛೆಯಿಲ್ಲದೆ ತಾನಾಗಿ ಬಿಗಿದು ಸಡಿಲವಾಗುವ ಸ್ನಾಯು) ಗರ್ಭಕೋಶದಲ್ಲೂ ಇದೆ. ಅದು ಬಿಗಿಯಬೇಕಾದರೆ ಕ್ಯಾಲ್ಸಿಯಂ ಜೀವಕೋಶದೊಳಕ್ಕೆ ನುಗ್ಗಬೇಕು. ಒಳಬಂದ ಕ್ಯಾಲ್ಸಿಯಂ ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಒಂದು ಕಿಣ್ವವನ್ನು ಚುರುಕುಗೊಳಿಸುತ್ತದೆ. ಆಗ ಸ್ನಾಯುವಿನೊಳಗಿನ ಆಕ್ಟಿನ್, ಮಯೋಸಿನ್ ಎಂಬ ಎಳೆಗಳು ಒಂದನ್ನೊಂದು ಎಳೆದು ಹೊಟ್ಟೆ ಗಟ್ಟಿಯಾಗುತ್ತದೆ. ಕ್ಯಾಲ್ಸಿಯಂ ಒಳಬರುವ 'ಎಲ್' ಮಾದರಿಯ ಬಾಗಿಲನ್ನೇ ನಿಫೆಡಿಪಿನ್ ಮುಚ್ಚುತ್ತದೆ. ಆದರೆ ಹೆರಿಗೆ ನೋವು ಹೆಚ್ಚಿಸುವ ಆಕ್ಸಿಟೋಸಿನ್ ಹಾರ್ಮೋನು ಜೀವಕೋಶದೊಳಗಿನ ದಾಸ್ತಾನಿನಿಂದಲೂ ಕ್ಯಾಲ್ಸಿಯಂ ಬಿಡಿಸಬಲ್ಲದು. ಹಾಗಾಗಿ ಈ ಗುಳಿಗೆ ಹೆರಿಗೆಯನ್ನು ಮುಂದೂಡುತ್ತದೆಯೇ ಹೊರತು ತಡೆದೇಬಿಡುವುದಿಲ್ಲ.

ಸಾಮಾನ್ಯವಾಗಿ ಮೊದಲು 20ರಿಂದ 30 ಮಿ.ಗ್ರಾಂ., ಆಮೇಲೆ 4ರಿಂದ 8 ಗಂಟೆಗೊಮ್ಮೆ 10ರಿಂದ 20 ಮಿ.ಗ್ರಾಂ., ಒಟ್ಟು 48 ಗಂಟೆ. ಅದಕ್ಕಿಂತ ಹೆಚ್ಚು ದಿನ ನುಂಗಿದರೆ ಅವಧಿಪೂರ್ವ ಹೆರಿಗೆ ತಪ್ಪುತ್ತದೆ ಎನ್ನಲು ಆಧಾರವಿಲ್ಲ. ಆ 48 ಗಂಟೆಯೇ ದೊಡ್ಡ ಲಾಭ. ನವಜಾತ ಶಿಶುಗಳ ಐ.ಸಿ.ಯು. ಇರುವ ಆಸ್ಪತ್ರೆಗೆ ಮಗು ಹೊಟ್ಟೆಯಲ್ಲಿದ್ದಾಗಲೇ ತಲುಪಬಹುದು. ಮಗುವಿನ ಶ್ವಾಸಕೋಶ ಬಲಿಯಲು ಡೆಕ್ಸಾಮೆಥಾಸೋನ್ 6 ಮಿ.ಗ್ರಾಂ. ಇಂಜೆಕ್ಷನ್ ಅನ್ನು 12 ಗಂಟೆಗೊಮ್ಮೆ ನಾಲ್ಕು ಸಲ ಕೊಡಬಹುದು. ಡಿಸ್ಚಾರ್ಜ್ ಚೀಟಿಯಲ್ಲಿ ಆ ನಾಲ್ಕೂ ಬರೆದಿವೆಯೇ, ದಯವಿಟ್ಟು ಇವತ್ತೇ ನೋಡಿ. ಇಲ್ಲದಿದ್ದರೆ ವೈದ್ಯರನ್ನು ಕೇಳಿ.

ಗುಳಿಗೆ ತಗೊಂಡಾಗ ತಲೆನೋವು, ಮುಖ ಬಿಸಿಯಾಗುವುದು, ಎದೆ ಡವಡವ ಅನ್ನುವುದು ರಕ್ತನಾಳ ಹಿಗ್ಗುವುದರಿಂದ ಬರುತ್ತವೆ. ಕಣ್ಣು ಕತ್ತಲಿಟ್ಟರೆ ಮಾತ್ರ ಬಿ.ಪಿ. ಇಳಿದಿರಬಹುದು, ತಕ್ಷಣ ನರ್ಸಿಗೆ ಹೇಳಬೇಕು. ಮಗುವಿನ ಮೆದುಳಿನ ರಕ್ಷಣೆಗೆ ಮೆಗ್ನೀಷಿಯಂ ಸಲ್ಫೇಟ್ ಕೂಡ ಹಾಕುತ್ತಿದ್ದರೆ ಇನ್ನೂ ಎಚ್ಚರ ಬೇಕು. ಕ್ಯಾಪ್ಸೂಲ್ ಕಚ್ಚಿ ನಾಲಿಗೆಯಡಿ ಇಡುವುದು ಬೇಡವೇ ಬೇಡ: ಬಿ.ಪಿ. ದಿಢೀರನೆ ಕುಸಿದು ಮಗುವಿಗೆ ರಕ್ತ ಕಡಿಮೆಯಾಗುತ್ತದೆ. ಹೃದ್ರೋಗ, ರಕ್ತಸ್ರಾವ, ಗರ್ಭಕೋಶದ ಸೋಂಕು ಇದ್ದವರಿಗೆ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ.

ಮನೆಯ ಹಿರಿಯರ ಬಿ.ಪಿ. ಗುಳಿಗೆ ಅಮ್ಲೋಡಿಪಿನ್ ಕೂಡ ಇದೇ ಗುಂಪಿನದೆಂದು ಸೊಸೆಗೆ ಕೊಡಬೇಡಿ. ಅದರ ಪರಿಣಾಮ ಏರಲು 6ರಿಂದ 12 ಗಂಟೆ ಬೇಕು, ನೋವಿಗೆ ಪ್ರಯೋಜನವಿಲ್ಲ. ಮತ್ತೆ 10 ನಿಮಿಷಕ್ಕೊಮ್ಮೆ ಹೊಟ್ಟೆ ಬಿಗಿದರೆ, ನೀರು ಹೋದರೆ, ರಕ್ತ ಕಂಡರೆ, ಜ್ವರ ಬಂದರೆ ಅಥವಾ ಮಗುವಿನ ಮಿಸುಕಾಟ ಕಮ್ಮಿಯಾದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಡಿಸ್ಚಾರ್ಜ್ ಚೀಟಿ, ತಾಯಿ ಕಾರ್ಡ್ ಎರಡನ್ನೂ ಜೊತೆಗೆ ಒಯ್ಯಿರಿ.