ಸಂಪಾದಕರ ಉತ್ತರ: ಪೆಪ್ಟೈಡ್ ಪಂಪ್ ಬರುತ್ತಂತೆ, ಹೌದಾ?

ಹೊಸನಗರದ ಕಡೆಯ ಓದುಗರೊಬ್ಬರ ಪತ್ರ: "ಅಡಿಕೆ ಸುಲಿತ ಶುರುವಾದರೆ ಸಾಕು, ನನ್ನಾಕೆಗೆ ಉಬ್ಬಸ. ಡಾಕ್ಟರು ಎರಡು ಪಂಪ್ ಕೊಟ್ಟಿದ್ದಾರೆ. ಈಗ ಪೆಪ್ಟೈಡ್ ಅನ್ನೋದನ್ನು ಎಳೆದುಕೊಂಡರೆ ಶ್ವಾಸನಾಳ ತೆರೆದುಕೊಳ್ಳುತ್ತಂತೆ. ಅದು ಬರೋವರೆಗೆ ಈ ಸ್ಟೆರಾಯ್ಡ್ ಪಂಪ್ ನಿಲ್ಲಿಸಬಹುದಾ?"

ನಿಲ್ಲಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಪೆಪ್ಟೈಡ್ ಕಥೆ ಆಮೇಲೆ.

ಪೆಪ್ಟೈಡ್ ಅಂದರೆ ಪ್ರೋಟೀನಿನ ಚಿಕ್ಕ ತುಂಡು. ಇನ್ಸುಲಿನ್ ಕೂಡ ಅದೇ ಜಾತಿ. ಉಬ್ಬಸಕ್ಕೆ ಇದನ್ನು ಬಳಸುವ ಯೋಚನೆಯೂ ಹೊಸದಲ್ಲ. 1970ರಲ್ಲಿ ಸಾಮಿ ಸಯೀದ್ ಮತ್ತು ವಿಕ್ಟರ್ ಮುಟ್ ಎಂಬ ವಿಜ್ಞಾನಿಗಳು ಹಂದಿಯ ಕರುಳಿನಿಂದ 'ವಿಐಪಿ' ಎಂಬ ಪೆಪ್ಟೈಡ್ ಬೇರ್ಪಡಿಸಿದರು. (ನಮ್ಮ ವಿಧಾನಸೌಧದ ವಿಐಪಿ ಅಲ್ಲ ಮಾರಾಯ್ರೆ.) ಶ್ವಾಸನಾಳದ ಸುತ್ತಲಿನ ಸ್ನಾಯುವನ್ನು ಅದು ಸಡಿಲ ಮಾಡುತ್ತದೆ. ನಮ್ಮ ದೇಹದ ನರಗಳೇ ಅದನ್ನು ಬಿಡುತ್ತವೆ. ಹಾಗಾದರೆ ಉಬ್ಬಸದವರಿಗೆ ಅದನ್ನೇ ಎಳೆದುಕೊಳ್ಳಲು ಕೊಟ್ಟರಾಯ್ತು, ಅಲ್ವಾ? ಕೊಟ್ಟು ನೋಡಿದರು. ಹೆಚ್ಚೇನೂ ಆಗಲಿಲ್ಲ. ಶ್ವಾಸನಾಳದಲ್ಲಿರುವ ಕಿಣ್ವಗಳು ಅದನ್ನು ಸ್ನಾಯು ಮುಟ್ಟುವ ಮೊದಲೇ ಚೂರು ಚೂರು ಮಾಡುತ್ತವೆ. ಬೇಗ ಚೂರಾಗದಂಥ ರೂಪವನ್ನೂ ತಯಾರಿಸಿದರು. ಅದು ರೋಗಿಗಳ ಶ್ವಾಸನಾಳವನ್ನು ಬೇಗನೆ ತೆರೆಯಿತು. ಆದರೆ ಶ್ವಾಸನಾಳ ತೆರೆಯಲು ಅದಾಗಲೇ ಬಳಕೆಯಲ್ಲಿದ್ದ ಫಾರ್ಮೊಟೆರಾಲ್ ಎಂಬ ಔಷಧಿಯಷ್ಟು ಹೊತ್ತು ಅದರ ಪರಿಣಾಮ ನಿಲ್ಲಲಿಲ್ಲ.

ಇನ್ನೊಂದು ಮಾತು. ಈ ಪೆಪ್ಟೈಡ್ ನಾಳೆಯೇ ಬಂತು ಅಂತಿಟ್ಟುಕೊಳ್ಳಿ. ಅದು ಕೂರುವುದು ಕಷ್ಟ ಬಂದಾಗ ಹೊಡೆಯುವ ಸಾಲ್ಬುಟಮಾಲ್ ಪಂಪಿನ ಜಾಗದಲ್ಲಿ. ಉಬ್ಬಸದಲ್ಲಿ ಸ್ನಾಯು ಬಿಗಿಯುವುದಷ್ಟೇ ಅಲ್ಲ, ನಾಳದ ಒಳಗೋಡೆಯೇ ಊದಿಕೊಂಡಿರುತ್ತದೆ. ಆ ಊತ ಇಳಿಸುವುದು ಸ್ಟೆರಾಯ್ಡ್ ಪಂಪಿನ ಕೆಲಸ. ನೀವು ಬಿಡಬೇಕು ಅಂತಿರುವುದು ಅದನ್ನೇ! ಸ್ಟೆರಾಯ್ಡ್ ಅಂತ ಹೆದರಬೇಡಿ: ಎಳೆದುಕೊಳ್ಳುವುದರ ಪ್ರಮಾಣ ಮೈಕ್ರೋಗ್ರಾಂ (ಮಿಲಿಗ್ರಾಂನ ಸಾವಿರದಲ್ಲೊಂದು ಪಾಲು) ಲೆಕ್ಕದಲ್ಲಿ, ಮಾತ್ರೆಯದ್ದು ಮಿಲಿಗ್ರಾಂ ಲೆಕ್ಕದಲ್ಲಿ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿಯಲಿ, ಅಷ್ಟೆ.

ನನಗೂ ಉಬ್ಬಸ ಇದೆ, ಅದಕ್ಕೇ ಇಷ್ಟು ಜೋರು. ಎರಡು ವರ್ಷ ನಾನು ಪಂಪ್ ಹೊಡೆದಿದ್ದು ನಾಲಿಗೆಗೆ. ಅಂಗಡಿಯವರು ಸುಮ್ನೆ ಪೊಟ್ಟಣ ಕೊಟ್ಟರು, ನಾನೂ ಕೇಳಲಿಲ್ಲ. ಆಮೇಲೆ ನರ್ಸಮ್ಮ ಒಬ್ಬರು ಎದುರು ಕೂರಿಸಿ ತೋರಿಸಿದರು: ಅಲ್ಲಾಡಿಸಿ, ಉಸಿರು ಪೂರ್ತಿ ಬಿಡಿ, ತುಟಿ ಬಿಗಿ ಮಾಡಿ, ಒತ್ತುತ್ತಾ ನಿಧಾನ ಎಳೆಯಿರಿ, ಹತ್ತು ಎಣಿಸುವವರೆಗೆ ಹಿಡಿಯಿರಿ. ನಾನು ಪ್ರತಿಸಲ ನಾಲ್ಕಕ್ಕೇ ಬಿಡುತ್ತಿದ್ದೆ. ನಿಮ್ಮಾಕೆ ಹೇಗೆ ಎಳೆಯುತ್ತಾರೆ, ಒಮ್ಮೆ ಪಕ್ಕದಲ್ಲಿ ನಿಂತು ನೋಡಿ.

ಸುಲಿತದ ಧೂಳು, ಅಡಿಕೆ ಬೇಯಿಸುವ ಒಲೆಯ ಹೊಗೆ, ಇವೆರಡರಿಂದ ಅವರನ್ನು ಆದಷ್ಟು ದೂರ ಇಡಿ. ಮಳೆಗಾಲದಲ್ಲಿ ಗೋಡೆ ಮೇಲಿನ ಬೂಷ್ಟನ್ನು ಅವರ ಕೈಯಲ್ಲಿ ಉಜ್ಜಿಸಬೇಡಿ, ನೀವೇ ಉಜ್ಜಿ.

ಪಂಪಿಗೆ ಸಿಕ್ಕಿಸಿ ಔಷಧಿ ಎಳೆಯುವ ಸ್ಪೇಸರ್ ಡಬ್ಬಿಯನ್ನು ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಬಾರದಾ ಅಂತಲೂ ಕೇಳಿದ್ದೀರಿ. ಒರೆಸಬಾರದು. ಉಜ್ಜಿದರೆ ಒಳಗೆ ಸ್ಥಿರ ವಿದ್ಯುತ್ ಹುಟ್ಟಿ ಔಷಧಿ ಗೋಡೆಗೇ ಅಂಟುತ್ತದೆ. ತಾನಾಗೇ ಒಣಗಲಿ. ಆಷಾಢದಲ್ಲಿ ನಮ್ಮ ಕಡೆ ಅದಕ್ಕೆ ಎರಡು ದಿನ ಹಿಡಿದರೂ ಆಶ್ಚರ್ಯ ಇಲ್ಲ, ಇನ್ನೊಂದು ಡಬ್ಬಿ ಇಟ್ಟುಕೊಂಡಿರಿ.