ಗ್ಯಾಸ್ ಗೀಸರ್ ಸ್ನಾನದ ಮನೆಯ ಒಳಗೆ ಬೇಡ

ಪ್ರಶ್ನೆ: ಹೊಸ ಮನೆಗೆ ಗ್ಯಾಸ್ ಗೀಸರ್ ತಂದಿದ್ದೇವೆ. ಅದನ್ನು ಸ್ನಾನದ ಮನೆಯ ಒಳಗೋಡೆಗೆ ಕೂರಿಸಬಹುದೇ? ಅದಕ್ಕೆ ವಿದ್ಯುತ್ ತಂತಿ ಎಳೆಸಬೇಕೇ?
— ಓದುಗರೊಬ್ಬರು, ಕೋಲಾರ

ಉತ್ತರ: ದಯವಿಟ್ಟು ಒಳಗೆ ಕೂರಿಸಬೇಡಿ. ಬಾಗಿಲು, ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಗ್ಯಾಸ್ ಉರಿಯುತ್ತಾ ಹೋದಂತೆ ಆಮ್ಲಜನಕ ಕಡಿಮೆಯಾಗಿ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ತುಂಬಿಕೊಳ್ಳುತ್ತದೆ. ಸ್ನಾನ ಮಾಡುತ್ತಿರುವವರು ಅಪಾಯವನ್ನು ಅರಿಯುವ ಮೊದಲೇ ಪ್ರಜ್ಞೆ ತಪ್ಪಬಹುದು. ಚಳಿಗಾಲದ ಬೆಳಗಿನಲ್ಲಿ ಕಿಟಕಿ ಮುಚ್ಚಿಕೊಳ್ಳುವುದು ನಮ್ಮೆಲ್ಲರ ಅಭ್ಯಾಸವಾದ್ದರಿಂದ, ‘ಕಿಟಕಿ ಇದೆಯಲ್ಲ’ ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಗೀಸರನ್ನು ಗಾಳಿಯಾಡುವ ಹೊರಗೋಡೆಗೆ, ಮಳೆ ತಾಗದಂತೆ ಸಜ್ಜೆಯ ಕೆಳಗೆ ಭದ್ರಪಡಿಸಿ, ಬಿಸಿನೀರಿನ ಪೈಪನ್ನು ಮಾತ್ರ ಒಳಕ್ಕೆ ತನ್ನಿ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ, ಸೋರಿದರೆ ನೆಲಮಟ್ಟದಲ್ಲೇ ಶೇಖರವಾಗುತ್ತದೆ. ಆದಕಾರಣ ಸಿಲಿಂಡರನ್ನು ತಗ್ಗಿನಲ್ಲಿ ಇಡಬಾರದು, ಅದು ನೆಟ್ಟಗೆ ನಿಂತಿರಬೇಕು.

ಸಾಮಾನ್ಯ ಮಾದರಿಗಳಲ್ಲಿ ಕಿಡಿ ಹೊತ್ತಿಸಲು 2 ಟಾರ್ಚ್ ಸೆಲ್‌ಗಳೇ ಸಾಕಾಗುವುದರಿಂದ ತಂತಿ ಎಳೆಸುವ ಅಗತ್ಯವಿಲ್ಲ. ಮುಂದೆ ವಿದ್ಯುತ್ ಗೀಸರ್ ಹಾಕಿಸುವುದಾದರೆ, 2 ಕಿಲೊವ್ಯಾಟ್‌ನದು 230 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. 16 ಆಂಪಿಯರ್ ಪ್ಲಗ್ ಮತ್ತು ಸರಿಯಾದ ಅರ್ತಿಂಗ್ ಇರಲೇಬೇಕು.

ನಿಮ್ಮ ಕೊಳವೆಬಾವಿಯ ನೀರು ಗಡಸಾಗಿದ್ದರೆ ಗೀಸರಿನ ತಾಮ್ರದ ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ. ನೀರಿನ ಧಾರೆ ಸಣ್ಣಗಾದರೆ ಮೆಕ್ಯಾನಿಕ್‌ನಿಂದ ಶುಚಿ ಮಾಡಿಸಿ.